ಗುಡ್ಡದ ಬೆಂಕಿ: ಹವೆಯ ತಪ್ಪೋ, ಕೈಯ ತಪ್ಪೋ?



ಫಾಲ್ಗುಣ ಮಾಸದ ಸಂಜೆ ಅನಗವಾಡಿಯ ಸೇತುವೆಯ ಮೇಲೆ ನಿಂತವರಿಗೆ ಎರಡು ಬಗೆಯ ನೋಟ ಕಾಣುತ್ತದೆ. ಕೆಳಗೆ ಘಟಪ್ರಭೆ, ಆಲಮಟ್ಟಿಯ ಹಿನ್ನೀರು, ದಂಡೆಗುಂಟ ಕಬ್ಬು. ತಲೆಯೆತ್ತಿ ನೋಡಿದರೆ ದೂರದಲ್ಲಿ ಕಲ್ಲುಗುಡ್ಡಗಳು, ಅವುಗಳ ಮೈಮೇಲೆ ಒಣಗಿ ನಿಂತ ಕರಡ. ಬೇಸಿಗೆ ಕಾಲಿಡುತ್ತಿದ್ದಂತೆ ಈ ಎರಡೂ ಕಡೆ ಹೊಗೆ ಏಳುವುದುಂಟು. ಹೊಲದಲ್ಲಿ ಏಳುವುದು ಕಬ್ಬಿನ ರವದಿಯ ಹೊಗೆ, ಗುಡ್ಡದಲ್ಲಿ ಏಳುವುದು ಹುಲ್ಲಿನ ಹೊಗೆ.

ಇಂಥ ಹೊಗೆ ಕಂಡಾಗ ಊರ ಕಟ್ಟೆಯ ಮೇಲೆ ಎರಡು ಮಾತು ಕೇಳಿಬರುತ್ತವೆ. ಓದಿದ ತರುಣನು, "ಹವಾ ಪೂರಾ ಬದಲಾಗೇತಿ ಕಾಕಾ, ಇಂಥಾ ಬಿಸಿಲಿಗೆ ಗುಡ್ಡ ಸುಡದ ಏನ್ ಮಾಡೀತು?" ಎನ್ನುತ್ತಾನೆ. ಹಿರಿಯರು, "ಸುಮ್ಮನಿರೋ ತಮ್ಮಾ, ನಮ್ಮಪ್ಪನ ಕಾಲದಾಗೂ ಬ್ಯಾಸಿಗ್ಯಾಗ ಗುಡ್ಡ ಉರೀತಿದ್ದವು" ಎನ್ನುತ್ತಾರೆ. ಒಬ್ಬರು ವಾಯುಗುಣದ ಬದಲಾವಣೆಯನ್ನು ದೂರುತ್ತಾರೆ, ಇನ್ನೊಬ್ಬರು ಇದು ಋತುಮಾನದ ಸಹಜ ಆಟವೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಆ ಬೆಂಕಿಯನ್ನು ಮೊದಲು ಹಚ್ಚಿದ್ದು ಯಾರು ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ರೈತನ ಕೈಯಲ್ಲಿರುವ ಪರಿಹಾರವೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ.

ಬೆಂಕಿಗೆ ಬೇಕಾದ ಮೂರು

ಯಾವ ಬೆಂಕಿಯೇ ಆಗಲಿ, ಅದು ಕಾಡ್ಗಿಚ್ಚಾಗಿ ಹಬ್ಬಲು ಮೂರು ಸಂಗತಿಗಳು ಕೂಡಿಬರಬೇಕು. ಒಂದು, ಕಿಡಿ. ಎರಡು, ಉರಿಯಲು ಸಾಕಷ್ಟು ಒಣ ಹುಲ್ಲು, ತರಗೆಲೆ, ಪೊದೆ. ಮೂರು, ಆ ಉರುವಲನ್ನು ಒಣಗಿಸುವ ಬಿಸಿಲು ಮತ್ತು ಬೆಂಕಿಯನ್ನು ಮುಂದಕ್ಕೆ ಒಯ್ಯುವ ಗಾಳಿ. ಈ ಮೂರರಲ್ಲಿ ಒಂದು ಇಲ್ಲವಾದರೂ ಬೆಂಕಿ ಹಬ್ಬದು. ಶ್ರಾವಣದಲ್ಲಿ ಹಸಿ ಹುಲ್ಲಿಗೆ ಕಡ್ಡಿ ಗೀರಿದರೆ ಅದು ಹೊತ್ತುವುದಿಲ್ಲ. ಕಡು ಬೇಸಿಗೆಯಲ್ಲಿಯೂ ಕಿಡಿ ಬೀಳದಿದ್ದರೆ ಗುಡ್ಡ ತನ್ನಷ್ಟಕ್ಕೆ ತಾನು ಉರಿಯುವುದಿಲ್ಲ. ಬಿಸಿಲು 42 ಡಿಗ್ರಿ ಮುಟ್ಟಿದರೂ ಹುಲ್ಲು ತಾನಾಗಿ ಹೊತ್ತಿಕೊಳ್ಳದು. ಅದಕ್ಕೆ 200 ಡಿಗ್ರಿಗೂ ಮೀರಿದ ಕಾವು ಬೇಕು.

ಆದ್ದರಿಂದ ಯಾವ ಬೆಂಕಿಯ ಕಾರಣವನ್ನು ಹುಡುಕುವಾಗಲೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಕಿಡಿ ಎಲ್ಲಿಂದ ಬಂತು? ಉರುವಲು ಅಷ್ಟೊಂದು ಏಕೆ ಕೂಡಿತ್ತು? ಅದು ಆ ದಿನ ಅಷ್ಟೊಂದು ಒಣಗಿದ್ದೇಕೆ? ಈ ಮೂರನ್ನೂ ಕಲಸಿ ಒಂದೇ ಉತ್ತರ ಕೊಡಹೋದಾಗಲೇ ಜಗಳ ಹುಟ್ಟುತ್ತದೆ.

ಕಿಡಿ ಎಲ್ಲಿಂದ ಬರುತ್ತದೆ?

ಪ್ರಪಂಚದ ಕೆಲವು ಭಾಗಗಳಲ್ಲಿ ಸಿಡಿಲೇ ಕಿಡಿ ಕೊಡುತ್ತದೆ. ಕೆನಡಾ ದೇಶದ ಉತ್ತರದ ಕಾಡುಗಳಲ್ಲಿ ಸುಟ್ಟುಹೋಗುವ ಪ್ರದೇಶದ ಹೆಚ್ಚಿನ ಪಾಲು ಸಿಡಿಲಿನಿಂದ ಹೊತ್ತಿದ ಬೆಂಕಿಗೆ ಸೇರಿದ್ದು. ಭಾರತದಲ್ಲಿ ಹಾಗಿಲ್ಲ. ಇಲ್ಲಿ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯನಿಂದಲೇ ಹೊತ್ತುತ್ತವೆ. ಉತ್ತರ ಕರ್ನಾಟಕದ ಋತುಮಾನವನ್ನು ನೋಡಿದರೂ ಇದು ಸ್ಪಷ್ಟ. ಗುಡ್ಡಗಳು ಉರಿಯುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಗುಡುಗು ಸಿಡಿಲಿನ ಮಳೆ ಬರುವುದು ಸಾಮಾನ್ಯವಾಗಿ ಯುಗಾದಿಯ ನಂತರ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಗಲೂ ಸಿಡಿಲಿನ ಬೆನ್ನಿಗೆ ಮಳೆ ಇರುತ್ತದೆ.

ಹಾಗಾದರೆ ಈ ಭಾಗದಲ್ಲಿ ಕಿಡಿ ಕೊಡುವವರು ಯಾರು? ಬದುವಿನ ಕಸಕ್ಕೆ ಇಟ್ಟ ಬೆಂಕಿ, ಕಬ್ಬು ಕಡಿದ ಮೇಲೆ ರವದಿಗೆ ಇಟ್ಟ ಬೆಂಕಿ, ಹೊಸ ಹುಲ್ಲು ಬೇಗ ಚಿಗುರಲೆಂದು ಕರಡಕ್ಕೆ ಇಟ್ಟ ಬೆಂಕಿ, ಜೇನು ಬಿಡಿಸುವವರ ದೊಂದಿ, ದಾರಿಹೋಕರ ಬೀಡಿಯ ತುಂಡು, ಹೊಲದಲ್ಲಿ ಅಡಿಗೆ ಮಾಡಿ ಆರಿಸದೆ ಬಿಟ್ಟ ಒಲೆ. ಇವುಗಳ ಜೊತೆಗೆ ಜೋತುಬಿದ್ದ ವಿದ್ಯುತ್ ತಂತಿಗಳನ್ನೂ ಸೇರಿಸಬೇಕು. ಬಿಸಿಲಿನ ಕಾವಿಗೂ ಹೊರೆಗೂ ತಂತಿ ಉದ್ದವಾಗಿ ಇಳಿಬೀಳುತ್ತದೆ. ಗಾಳಿಗೆ ಒಂದಕ್ಕೊಂದು ತಾಕಿ ಕಿಡಿ ಉದುರುತ್ತದೆ. ಕೆಳಗೆ ಹನ್ನೊಂದು ತಿಂಗಳ ಕಬ್ಬಿನ ಒಣ ಎಲೆ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಬಂಡೀಪುರದ 2019ರ ಬೆಂಕಿ ಕನ್ನಡನಾಡಿನವರೆಲ್ಲರ ನೆನಪಿನಲ್ಲಿದೆ. ಆ ವರ್ಷದ ಫೆಬ್ರವರಿಯ ಮೂರು ನಾಲ್ಕನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಹೊತ್ತಿ ಉರಿಯಿತು. ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರಗಳ ಲೆಕ್ಕದಂತೆ ಸುಟ್ಟ ಪ್ರದೇಶ ಸುಮಾರು 4,420 ಹೆಕ್ಟೇರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಅಲ್ಲಿಯೂ ಅನುಮಾನದ ಬೊಟ್ಟು ತಿರುಗಿದ್ದು ಸಿಡಿಲಿನ ಕಡೆಗಲ್ಲ, ಮನುಷ್ಯನ ಕಡೆಗೆ. ಎರಡು ವರ್ಷ ಹಿಂದೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆಯ ಬಳಿ ಮತ್ತೊಬ್ಬರು ಇದೇ ಕೆಲಸದಲ್ಲಿ ಸುಟ್ಟಗಾಯಗಳಿಂದ ತೀರಿಕೊಂಡರು. ಒಂದು ಕಡ್ಡಿಪುಡಿಯ ಅಜಾಗರೂಕತೆಗೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ಇದರಿಂದ ತಿಳಿಯಬಹುದು.

ಋತುಮಾನದ ಪಾಲು

ಕಿಡಿ ಪ್ರತಿ ವರ್ಷವೂ ಬೀಳುತ್ತದೆ. ಆದರೆ ಎಲ್ಲ ವರ್ಷವೂ ದೊಡ್ಡ ಬೆಂಕಿ ಆಗುವುದಿಲ್ಲ. ಇಲ್ಲಿ ಹಿರಿಯರ ಮಾತಿಗೆ ಬೆಲೆ ಇದೆ. ಮಳೆಯ ಏರಿಳಿತ ಹಿಂದಿನಿಂದಲೂ ಇದ್ದದ್ದೇ.

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಇಂಥ ಬಯಲುಸೀಮೆಯಲ್ಲಿ ಬೆಂಕಿಯ ಲೆಕ್ಕ ದಟ್ಟ ಕಾಡಿನ ಲೆಕ್ಕದಂತಲ್ಲ. ಮಲೆನಾಡಿನಲ್ಲಿ ಉರುವಲು ಯಾವಾಗಲೂ ಇರುತ್ತದೆ, ಅದು ಒಣಗುವುದೇ ತಡ. ಆದ್ದರಿಂದ ಅಲ್ಲಿ ಬರಗಾಲವೇ ಅಪಾಯದ ಕಾಲ. ಬಯಲುಸೀಮೆಯ ಗುಡ್ಡ ಪ್ರತಿ ಬೇಸಿಗೆಯಲ್ಲಿಯೂ ಒಣಗಿಯೇ ಇರುತ್ತದೆ, ಕೊರತೆ ಇರುವುದು ಹುಲ್ಲಿಗೆ. ಬರ ಬಿದ್ದ ವರ್ಷ ಕರಡ ಬೆಳೆಯುವುದೇ ಇಲ್ಲ. ಇದ್ದಷ್ಟನ್ನು ದನ ಕುರಿ ಮೇಯ್ದು ಕಲ್ಲು ಮಾತ್ರ ಉಳಿದಿರುತ್ತದೆ. ಕಿಡಿ ಬಿದ್ದರೂ ಬೆಂಕಿ ಹತ್ತು ಮಾರು ಹೋಗಿ ನಿಲ್ಲುತ್ತದೆ. ಮುಂಗಾರು ಹಿಂಗಾರು ಎರಡೂ ಚೆನ್ನಾಗಿ ಆದ ವರ್ಷ ಮೊಣಕಾಲೆತ್ತರ ಕರಡ ನಿಲ್ಲುತ್ತದೆ. ಅದರ ಮುಂದಿನ ಫೆಬ್ರವರಿಯಲ್ಲಿ ಅದೇ ಕಿಡಿ ಗುಡ್ಡದ ತುದಿ ಮುಟ್ಟುತ್ತದೆ.

ಆದ್ದರಿಂದ ಬಯಲುಸೀಮೆಯ ರೈತರು ನೆನಪಿಡಬೇಕಾದ ಮಾತು ಇದು: ಒಳ್ಳೆಯ ಮಳೆಯ ವರ್ಷ ಕಳೆದ ಬೇಸಿಗೆಯೇ ಗುಡ್ಡಕ್ಕೆ ಹೆಚ್ಚು ಅಪಾಯದ ಬೇಸಿಗೆ. ಸುಗ್ಗಿ ಚೆನ್ನಾಗಿ ಆಯಿತೆಂದು ಮೈಮರೆಯುವ ಕಾಲವೂ ಅದೇ ಆಗಿರುತ್ತದೆ.

ಮಳೆಯ ಈ ಏರಿಳಿತದ ಹಿಂದೆ ದೂರದ ಸಮುದ್ರಗಳೂ ಇವೆ. ಶಾಂತ ಮಹಾಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಕಾಯುವುದನ್ನು ಎಲ್ ನಿನೊ ಎನ್ನುತ್ತಾರೆ. ಅಂಥ ವರ್ಷಗಳಲ್ಲಿ ಭಾರತದ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. 2023 ಅಂಥದೊಂದು ವರ್ಷ. ಆಗ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಎಲ್ ನಿನೊ ಮನುಷ್ಯ ಮಾಡಿದ್ದಲ್ಲ, ಸಾವಿರಾರು ವರ್ಷಗಳಿಂದ ಬಂದುಹೋಗುತ್ತಿರುವ ಪ್ರಕೃತಿಯ ಕ್ರಮ.

ವಾಯುಗುಣ ಬದಲಾವಣೆಯ ಪಾಲು

ಇನ್ನು ತರುಣನ ಮಾತು. ಹವಾಮಾನ ಮತ್ತು ವಾಯುಗುಣ ಇವೆರಡರ ಭೇದವನ್ನು ಮೊದಲು ತಿಳಿಯಬೇಕು. ಎತ್ತು ಒಂದು ದಿನ ಮುನಿಸಿನಿಂದ ಹಾಯಬಹುದು, ಅದು ಅಂದಿನ ಮಾತು. ಆ ಎತ್ತಿನ ಸ್ವಭಾವ ತಿಳಿಯಲು ಹಲವು ವರ್ಷ ಹೂಡಿ ನೋಡಬೇಕು. ಇಂದಿನ ಬಿಸಿಲು, ನಾಳಿನ ಮಳೆ ಹವಾಮಾನ. ಮೂವತ್ತು ವರ್ಷಗಳ ಸರಾಸರಿಯಲ್ಲಿ ಕಾಣುವ ಸ್ವಭಾವ ವಾಯುಗುಣ. ಆ ಸ್ವಭಾವವೇ ಈಗ ಬದಲಾಗುತ್ತಿದೆ.

ಕಲ್ಲಿದ್ದಲು, ಎಣ್ಣೆ ಮೊದಲಾದವನ್ನು ಸುಡುವುದರಿಂದ ಮತ್ತು ಕಾಡು ಕಡಿಯುವುದರಿಂದ ಇಂಗಾಲಾಮ್ಲ ಅನಿಲ ಹೆಚ್ಚಿ ಭೂಮಿ ಕಾಯುತ್ತಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಭಾರತದ ಸರಾಸರಿ 1901ರಿಂದ 2018ರ ವರೆಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

ಒಂದು ಡಿಗ್ರಿಯಿಂದ ಏನಾದೀತು ಎಂದು ಕೆಲವರು ಕೇಳಬಹುದು. ಗಾಳಿಗೂ ಬಾಯಾರಿಕೆ ಇದೆ. ಅದು ಕಾದಷ್ಟೂ ಹೆಚ್ಚು ನೀರನ್ನು ಹೀರಬಲ್ಲದು. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದರೆ, 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ ಹಿಡಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಈ ಬಾಯಾರಿಕೆ ಸುಮಾರು 6ರಿಂದ 7 ಪ್ರತಿಶತ ಏರುತ್ತದೆ. ಗಾಳಿ ಆ ನೀರನ್ನು ಹುಲ್ಲಿನಿಂದ, ತರಗೆಲೆಯಿಂದ, ಮಣ್ಣಿನಿಂದ ಎಳೆದುಕೊಳ್ಳುತ್ತದೆ. ಹತ್ತು ದಿನಕ್ಕೆ ಒಣಗಬೇಕಾದದ್ದು ಅದಕ್ಕಿಂತ ಮೊದಲೇ ಒಣಗುತ್ತದೆ, ಬೆಂಕಿಯ ಕಾಲ ಮುಂಚೆ ಆರಂಭವಾಗಿ ತಡವಾಗಿ ಮುಗಿಯುತ್ತದೆ.

ಒಂದು ದೊಡ್ಡ ಬೆಂಕಿಯಲ್ಲಿ ಪ್ರಕೃತಿಯ ಪಾಲು ಎಷ್ಟು, ಬದಲಾದ ವಾಯುಗುಣದ ಪಾಲು ಎಷ್ಟು ಎಂದು ತೂಗಿ ನೋಡುವ ವಿಧಾನವನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕಾಯದೆ ಇದ್ದ ಭೂಮಿಯಲ್ಲಿ ಇಂಥ ಬೆಂಕಿಯ ಹವೆ ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು, ಈಗಿನ ಭೂಮಿಯಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಹೋಲಿಸುತ್ತಾರೆ.

ಆಸ್ಟ್ರೇಲಿಯದ 2019–20ರ ಬೇಸಿಗೆಯ ಬೆಂಕಿಗಳನ್ನು ಹೀಗೆ ತೂಗಿದಾಗ, ಅಂಥ ಹವೆ ಬರುವ ಸಂಭವ ವಾಯುಗುಣ ಬದಲಾವಣೆಯಿಂದ ಕನಿಷ್ಠ 30 ಪ್ರತಿಶತ ಹೆಚ್ಚಿತ್ತು ಎಂದು ಕಂಡಿತು. ಆದರೆ ಅಲ್ಲಿ ಪ್ರಕೃತಿಯ ಕೈಯೂ ಇತ್ತು. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು ಪೂರ್ವ ಭಾಗ ತಂಪಾಗಿತ್ತು. ಇದರಿಂದ ಆಸ್ಟ್ರೇಲಿಯದ ಕಡೆ ಮಳೆ ತಪ್ಪಿತು, ಭಾರತದ ಕಡೆ ಮುಂಗಾರಿನ ಉತ್ತರಾರ್ಧಕ್ಕೆ ಬಲ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ಭಾಗದ ಹಳ್ಳಿಗಳನ್ನು ಹೊಕ್ಕಿದ್ದನ್ನು ಈ ನದಿಯ ದಂಡೆಯವರು ಮರೆತಿಲ್ಲ. ಕೆನಡಾದಲ್ಲಿ 2023ರಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರು ಸುಟ್ಟಿತು. ಅಲ್ಲಿನ ಕ್ವಿಬೆಕ್ ಪ್ರಾಂತದ ಬೆಂಕಿಯ ಹವೆ ಬರುವ ಸಂಭವ ವಾಯುಗುಣ ಬದಲಾವಣೆಯಿಂದ ಕನಿಷ್ಠ ಇಮ್ಮಡಿಯಾಗಿತ್ತೆಂದು ಲೆಕ್ಕ ಹೇಳಿತು.

ಈ ಲೆಕ್ಕಗಳ ಅರ್ಥ ಸರಳ. ಋತುಮಾನ ಹಿಂದಿನಂತೆಯೇ ತನ್ನ ಸುತ್ತನ್ನು ಸುತ್ತುತ್ತಿದೆ, ಆದರೆ ಈಗ ಅದು ಹೆಚ್ಚು ಕಾದ ನೆಲದ ಮೇಲೆ ಸುತ್ತುತ್ತಿದೆ. ಅಪ್ಪನ ಕಾಲದ ಕಿಡಿಗಿಂತ ಮಗನ ಕಾಲದ ಕಿಡಿ ಹೆಚ್ಚು ದೂರ ಓಡುತ್ತದೆ. ಆದ್ದರಿಂದ ಅಪ್ಪನ ಕಾಲದಲ್ಲಿ ನಡೆದುಹೋದ ಅಜಾಗರೂಕತೆ ಮಗನ ಕಾಲಕ್ಕೆ ನಡೆಯದು.

ಉರುವಲು ಮತ್ತು ಹಿರಿಯರ ತಿಳಿವಳಿಕೆ

ಹಾಗೆಂದು ಎಲ್ಲ ಬೆಂಕಿಯೂ ಮೂರ್ಖತನದ್ದು ಎಂದು ತಿಳಿಯಬಾರದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗುಬೆಂಕಿ' ಎಂಬ ಪದ್ಧತಿ ಇತ್ತು. ಚಳಿ ಇನ್ನೂ ಇರುವಾಗ, ನೆಲದಲ್ಲಿ ಹಸಿ ಉಳಿದಿರುವಾಗ, ಉದುರಿದ ತರಗೆಲೆಗಷ್ಟೇ ಬೆಂಕಿ ಇಡುತ್ತಿದ್ದರು. ಅದು ನೆಲಮಟ್ಟದಲ್ಲಿ ಮೆಲ್ಲಗೆ ಸಾಗಿ ಆರುತ್ತಿತ್ತು, ಬೇಸಿಗೆಗೆ ಉರುವಲು ಉಳಿಯುತ್ತಿರಲಿಲ್ಲ. 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಈ ಪದ್ಧತಿ ನಿಂತಿತು. ತರಗುಬೆಂಕಿ ನಿಂತ ಮೇಲೆ ಲಾಂಟಾನ ಪೊದೆ ಕಾಡನ್ನು ಮುಚ್ಚಿತೆಂದು ಸೋಲಿಗರು ಹೇಳುತ್ತಾರೆ. ಅಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಲಾಂಟಾನ ಒಣಗಿದಾಗ ಬೆಂಕಿಯನ್ನು ನೆಲದಿಂದ ಮರದ ಎತ್ತರಕ್ಕೆ ಏರಿಸುವ ಏಣಿಯಾಗುತ್ತದೆ.

ಇದರಿಂದ ಕಲಿಯಬೇಕಾದದ್ದು ಹೊತ್ತು ಮತ್ತು ಹದದ ಮಹತ್ವವನ್ನು. ಹೊತ್ತನ್ನೂ ಹದವನ್ನೂ ಅರಿತು, ಹಲವು ಜನ ಕೂಡಿ ಕಾಯುತ್ತ ಇಟ್ಟ ಬೆಂಕಿ ಬೇರೆ. ಮಾರ್ಚ್ ತಿಂಗಳ ಮಧ್ಯಾಹ್ನ ಒಬ್ಬನೇ ಕಡ್ಡಿ ಗೀರಿ ಮನೆಗೆ ಹೋದ ಬೆಂಕಿ ಬೇರೆ. ಅರಣ್ಯ ಪ್ರದೇಶದಲ್ಲಿಯಂತೂ ಬೆಂಕಿ ಇಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ.

ಇಲ್ಲಿ ಕಳೆದುಕೊಳ್ಳುವುದು ಏನು?

ಬೀಳಗಿ ಮತ್ತು ಮುಧೋಳ ತಾಲೂಕುಗಳ ಗುಡ್ಡಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಪ್ರದೇಶ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿತವಾಯಿತು. ಚಿಂಕಾರ ನೀರು ಕಡಿಮೆ ಇರುವ ಕುರುಚಲು ನೆಲದ ಪ್ರಾಣಿ. ಅದು ತನ್ನ ಮರಿಯನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ಹೋಗುತ್ತದೆ. ಬೆಂಕಿ ಬಂದಾಗ ತಾಯಿ ಓಡಬಲ್ಲದು, ಎಳೆಯ ಮರಿ ಅಲುಗದೆ ಅಲ್ಲಿಯೇ ಇರುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಟಿಟ್ಟಿಭ, ಕವುಜುಗಗಳ ಗತಿಯೂ ಅದೇ.

ಗುಡ್ಡದ ಹುಲ್ಲು ವನ್ಯಮೃಗಗಳದ್ದಷ್ಟೇ ಎಂದು ಭಾವಿಸುವುದೂ ತಪ್ಪು. ಧಾಮದ ಹೊರಗಿನ ಗಾಯರಾಣ, ಒಡ್ಡು, ಮಾಲ್ಕಿ ಗುಡ್ಡಗಳ ಕರಡ ಬೇಸಿಗೆಯಲ್ಲಿ ದನಗಳ ಹೊಟ್ಟೆ ತುಂಬುವ ಮೇವು. ಸುಟ್ಟ ನೆಲದಲ್ಲಿ ಎಳೆ ಚಿಗುರು ಬೇಗ ಕಾಣುವುದು ನಿಜ, ಆದರೆ ಆ ಚಿಗುರು ಮಳೆ ಬರುವ ತನಕ ಮುಷ್ಟಿಯಷ್ಟೂ ಆಗದು. ಅಷ್ಟರಲ್ಲಿ ಎರಡು ತಿಂಗಳ ಮೇವು ಬೂದಿಯಾಗಿರುತ್ತದೆ. ಬೋಳಾದ ಇಳಿಜಾರಿನ ಮೇಲೆ ಮೊದಲ ಅಡ್ಡಮಳೆ ಬಿದ್ದಾಗ ತೆಳುವಾದ ಮೇಲ್ಮಣ್ಣು ಬೂದಿಯೊಡನೆ ಹಳ್ಳ ಸೇರುತ್ತದೆ.

ಹೊಲದ ಲೆಕ್ಕವೂ ಹೀಗೆಯೇ. ಒಂದು ಎಕರೆ ಕಬ್ಬು ಕಡಿದ ಮೇಲೆ ಸುಮಾರು 3ರಿಂದ 4 ಟನ್ ರವದಿ ಉಳಿಯುತ್ತದೆ. ಅದನ್ನು ಸುಟ್ಟರೆ ಸಾವಯವ ಇಂಗಾಲ ಮತ್ತು ಸಾರಜನಕ ಬಹುತೇಕ ಗಾಳಿಗೆ ಹೋಗುತ್ತವೆ. ಒಂದು ಕಡೆ ಯೂರಿಯಾ ಚೀಲಕ್ಕೆ ಸಾಲು ನಿಲ್ಲುವುದು, ಇನ್ನೊಂದು ಕಡೆ ಹೊಲದ ಸಾರಜನಕಕ್ಕೆ ಬೆಂಕಿ ಇಡುವುದು ಬುದ್ಧಿವಂತಿಕೆ ಆಗಲಾರದು. ರವದಿಯ ಬೆಂಕಿ ಒಡ್ಡು ದಾಟಿದರೆ ಪಕ್ಕದವರ ನಿಂತ ಕಬ್ಬು, ಹನಿ ನೀರಾವರಿಯ ಪೈಪು, ಕಣಕಿಯ ಬಣವಿ ಎಲ್ಲವೂ ಅದರ ಪಾಲು. ಸುಟ್ಟ ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ದಿನದಿನಕ್ಕೆ ಇಳಿಯುತ್ತವೆ, ಕಡಿಯುವ ಸರದಿಗೆ ಕಾಯಲು ಸಮಯವಿರುವುದಿಲ್ಲ. ವರ್ಷದ ದುಡಿಮೆ ಒಂದು ತಾಸಿನಲ್ಲಿ ಹೋಗುತ್ತದೆ, ಅದರ ಜೊತೆಗೆ ನೆರೆಹೊರೆಯ ಸ್ನೇಹವೂ ಹೋಗುತ್ತದೆ.

ರೈತರು ಮಾಡಬೇಕಾದದ್ದು

1. ರವದಿಯನ್ನು ಸುಡಬಾರದು. ಕುಳೆ ಕಬ್ಬಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹರಡಬೇಕು, ಇಲ್ಲವೆ ಪುಡಿ ಮಾಡುವ ಯಂತ್ರದಿಂದ ಪುಡಿ ಮಾಡಿ ಬಿಡಬೇಕು. ಬೇಗ ಕೊಳೆಯಲು ಟನ್ ರವದಿಗೆ ಸುಮಾರು 8 ಕಿಲೊ ಯೂರಿಯಾ, 10 ಕಿಲೊ ಸೂಪರ್ ಫಾಸ್ಫೇಟ್ ಮತ್ತು 1 ಕಿಲೊ ಕೊಳೆಸುವ ಜೀವಾಣುಗಳನ್ನು ಉದುರಿಸಿ ನೀರು ಹಾಯಿಸಬೇಕು.

2. ಹೊದಿಕೆಯಾಗಿ ಬಿಟ್ಟ ರವದಿಯೂ ಒಣಗಿರುವ ತನಕ ಉರುವಲೇ. ಆದ್ದರಿಂದ ರಸ್ತೆ, ಕಾಲುದಾರಿ, ಪಂಪಿನ ಮನೆಗಳ ಪಕ್ಕದಲ್ಲಿ ಹತ್ತು ಅಡಿ ಅಗಲದ ಪಟ್ಟಿಯನ್ನು ರವದಿ ಇಲ್ಲದಂತೆ ಬಿಡಬೇಕು.

3. ಸಂಕ್ರಾಂತಿಯೊಳಗೆ ಗುಡ್ಡದ ಅಂಚಿನ ಹೊಲಗಳವರು ಕೂಡಿ ಹುಲ್ಲು ಕೊಯ್ದು ಬೆಂಕಿ ರೇಖೆ ಮಾಡಬೇಕು. ಕೊಯ್ದ ಕರಡ ಮೇವಾಗುತ್ತದೆ. ಬೆಂಕಿ ಇಳಿಜಾರನ್ನು ಏರುವಾಗ ವೇಗ ಹೆಚ್ಚುವುದರಿಂದ ಗುಡ್ಡದ ಬುಡದ ರೇಖೆಯೇ ಮುಖ್ಯ.

4. ಬದುವಿನ ಕಸವನ್ನು ಕಿತ್ತು ಗುಂಡಿಗೆ ಹಾಕುವುದೇ ಸರಿ. ರೋಗ ಹತ್ತಿದ ಕಸವನ್ನು ಸುಡಲೇಬೇಕಾದಾಗ ಇಬ್ಬನಿ ಇರುವ ಬೆಳಗಿನ ಹೊತ್ತು, ಗಾಳಿ ಇಲ್ಲದಾಗ, ನೆರೆಯವರಿಗೆ ತಿಳಿಸಿ, ತುಂಬಿದ ಸಿಂಪರಣೆ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸುಡಬೇಕು. ಬೂದಿ ಕೈಗೆ ತಣ್ಣಗಾಗುವ ತನಕ ಸ್ಥಳ ಬಿಡಬಾರದು. ಹತ್ತು ಗಂಟೆಯ ನಂತರ ಬೆಂಕಿ ಇಡಲೇಕೂಡದು.

5. ಕಬ್ಬಿನ ಮೇಲೆ ಜೋತುಬಿದ್ದ ತಂತಿಗಳನ್ನು ಬೇಸಿಗೆಗೆ ಮೊದಲೇ ಬರಹದ ಮೂಲಕ ಸಂಬಂಧಪಟ್ಟ ಕಚೇರಿಗೆ ತಿಳಿಸಿ, ಅರ್ಜಿಯ ಪ್ರತಿಯನ್ನು ಕಾದಿಡಬೇಕು.

6. ಕಾಮದಹನದ ಬೆಂಕಿಯನ್ನು ಬಣವಿ, ಕಬ್ಬು, ಗುಡ್ಡದ ಹುಲ್ಲುಗಳಿಂದ ದೂರವಿಟ್ಟು, ಮುಗಿದ ಮೇಲೆ ನೀರು ಹಾಕಿ ಆರಿಸಬೇಕು.

7. ಬೆಂಕಿ ಕಂಡ ಕೂಡಲೇ 101 ಅಥವಾ 112ಕ್ಕೆ ತಿಳಿಸಬೇಕು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳಿಂದ ಕಂಡ ಬೆಂಕಿಯ ಸುದ್ದಿಯನ್ನು ಹೆಸರು ನೋಂದಾಯಿಸಿದವರ ಮೊಬೈಲಿಗೆ ಕಳಿಸುತ್ತದೆ. ಊರಿನ ಒಬ್ಬಿಬ್ಬರು ತರುಣರಾದರೂ ಹೆಸರು ನೋಂದಾಯಿಸುವುದು ಒಳ್ಳೆಯದು.

ವಿಸ್ತರಣಾ ಕಾರ್ಯಕರ್ತರಿಗೂ ಒಂದು ಸೂಚನೆ ಇದೆ. ಪ್ರತಿ ಗ್ರಾಮಕ್ಕೂ ಬೆಂಕಿಯ ಒಂದು ವಹಿ ಇಡಬೇಕು. ಬೆಂಕಿ ಹೊತ್ತಿದ ದಿನ, ಹೊತ್ತು, ಗಾಳಿಯ ದಿಕ್ಕು, ಹಿಂದಿನ ಮಳೆಗಾಲದ ಮಳೆ, ಕಿಡಿ ಬಿದ್ದ ಜಾಗ ಇವಿಷ್ಟನ್ನು ಬರೆದರೆ ಸಾಕು. ಹತ್ತು ವರ್ಷಗಳ ವಹಿ ಕೂಡಿದಾಗ ಕಿಡಿಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಎಂಬುದು ಊರವರಿಗೇ ಓದಿ ತಿಳಿಯುತ್ತದೆ.

ಕಟ್ಟೆಯ ಮೇಲಿನ ಆ ಇಬ್ಬರ ಮಾತಿಗೆ ಈಗ ಉತ್ತರ ಹೇಳಬಹುದು. ಹುಲ್ಲು ಬೆಳೆಸುವುದೂ ಒಣಗಿಸುವುದೂ ಋತುಮಾನ. ಆ ಒಣಗುವಿಕೆಯನ್ನು ಬೇಗ ಮಾಡಿ ಹೆಚ್ಚು ಕಾಲ ಉಳಿಸುವುದು ಬದಲಾದ ವಾಯುಗುಣ. ಕಡ್ಡಿ ಗೀರುವುದು ಮಾತ್ರ ಮನುಷ್ಯನ ಕೈ. ಎಲ್ ನಿನೊವನ್ನು ಯಾರೂ ತಡೆಯಲಾರರು. ಭೂಮಿಯ ಕಾವನ್ನು ಇಳಿಸಲು ಎಲ್ಲ ದೇಶಗಳೂ ಕೂಡಿ ದುಡಿಯಬೇಕು, ಅದಕ್ಕೆ ವರ್ಷಗಳು ಬೇಕು. ಆದರೆ ಬರುವ ಬೇಸಿಗೆಯಲ್ಲಿ ಕಡ್ಡಿಪೆಟ್ಟಿಗೆಯನ್ನು ಕಿಸೆಯಲ್ಲೇ ಇಟ್ಟುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹವೆ ಕೆಟ್ಟಷ್ಟೂ ಕೈಯನ್ನು ಬಿಗಿಹಿಡಿಯಬೇಕು. ಅನಗವಾಡಿಯ ಸುತ್ತಿನ ರೈತರು ಈ ಒಂದು ಮಾತನ್ನು ನಡೆಸಿಕೊಟ್ಟರೆ ಗುಡ್ಡದ ಕರಡ ದನಗಳಿಗೂ ಚಿಂಕಾರಗಳಿಗೂ ಉಳಿದೀತು, ರವದಿ ಹೊಲದ ಮಣ್ಣಿಗೆ ಗೊಬ್ಬರವಾದೀತು.